ನಾಲ್ಕನೇ ಓಣಿಯ ಇಪ್ಪತ್ತು ನಿಮಿಷ

ಶೈಲಾಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ. ಮೂಗಿನ ತುದಿ ಕೆಂಪಾಗುತ್ತದೆ, ಮಾತು ಒಂದೊಂದಾಗಿ ಬರುತ್ತದೆ, ಎದುರಿಗಿದ್ದವರಿಗೆ ಏಳನೇ ಇಯತ್ತೆಯಲ್ಲಿ ಹೋಂವರ್ಕ್ ಮಾಡದೆ ಬೆಂಚಿನ ಮೇಲೆ ನಿಂತದ್ದು ನೆನಪಾಗುತ್ತದೆ. ಆ ಭಾನುವಾರ ಬೆಳಿಗ್ಗೆ ಬೀರೇಶ್ವರ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ಅವಳ ಮೂಗು ಕೆಂಪಾಗಿತ್ತು. ಯಾರ ಮೇಲೆ ಸಿಟ್ಟಾಗಬೇಕು ಎಂಬುದು ಮಾತ್ರ ಅವಳಿಗಿನ್ನೂ ತಿಳಿದಿರಲಿಲ್ಲ.

ಮುಧೋಳ ರಸ್ತೆಗೆ ಹತ್ತಿಕೊಂಡ ಬೀರೇಶ್ವರ ನಗರದಲ್ಲಿ ಇರುವುದು ನಾಲ್ಕೇ ಓಣಿ. ನಳಕ್ಕೆ ನೀರು ಐದು ದಿನಕ್ಕೊಮ್ಮೆ, ಒಂದೊಂದು ಓಣಿಗೆ ನಲವತ್ತು ನಿಮಿಷ. ಹಾಗೆಂದು ಹೇಳಿಕೆ. ನಿಮಗೆ ಹೆಚ್ಚು, ನಮಗೆ ಕಡಿಮೆ ಎಂದು ಹೆಂಗಸರು ಒಬ್ಬರಿಗೊಬ್ಬರು ಕೊಡ ಎತ್ತಿದ್ದೂ ಉಂಟು. ಶೈಲಾ, ರನ್ನ ಬೆಳಗಲಿ ಎಂಬ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಬಡಾವಣೆಯ ನಾಗರಿಕ ಸಂಘಕ್ಕೆ ಕಾರ್ಯದರ್ಶಿ. ಬಾಯಿ ಜಗಳ ಸಾಕು, ಬರೆದಿಡೋಣ ಎಂದವಳು ಅವಳೇ. ಪ್ರತಿ ಓಣಿಯ ಮೊದಲ ಮನೆಯ ನಳದ ಮೇಲಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯಬೇಕು: ನೀರು ಬಂದದ್ದು ಎಷ್ಟಕ್ಕೆ, ಹೋದದ್ದು ಎಷ್ಟಕ್ಕೆ. ಒಂದು ತಿಂಗಳು ಬರೆದು, ಎಲ್ಲರೂ ಸಹಿ ಮಾಡಿ, ಪುರಸಭೆಯ ಆಫೀಸಿಗೆ ಅರ್ಜಿ ಕೊಡುವುದು.

ತಿಂಗಳು ತುಂಬಿತ್ತು. ಸಂಘದ ಅಧ್ಯಕ್ಷ ಚನಮಲ್ಲಪ್ಪ ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನ ಕಂಟ್ರೋಲ್ ರೂಮಿನಲ್ಲಿ ಮೈಕು ಹಿಡಿದು ರಿಟೈರ್ ಆದವರು. ಗೋಡೆಯ ಲೆಕ್ಕವನ್ನು ಅದೇ ರಾಗದಲ್ಲಿ ಓದಿದರು.

"ಒಂದನೇ ಓಣಿ, ನಲವತ್ತ ನಿಮಿಷ. ಎರಡನೇ ಓಣಿ, ನಲವತ್ತ ನಿಮಿಷ. ಮೂರನೇ ಓಣಿ..." ಅವರು ಕನ್ನಡಕ ಸರಿಮಾಡಿಕೊಂಡರು. "ಅರವತ್ತ ನಿಮಿಷ. ನಾಲ್ಕನೇ ಓಣಿ, ಇಪ್ಪತ್ತ ನಿಮಿಷ."

ಮೂರನೇ ಓಣಿ ಶೈಲಾಳದು.

ನಾಲ್ಕನೇ ಓಣಿಯ ಸಾತವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಅಕ್ಕೋರ, ನೀವ ನಮ್ಮ ಮನಿಗೆ ಬಂದು, ಎಲ್ಲಾರಿಗೂ ಸರಿಸಮ ಆಗ್ತೈತಿ ಅಂತ ಹೇಳಿ ಹೋಗಿದ್ರಿ. ನನ್ನ ಮಗಳು ಬಾಣಂತಿ ಅದಾಳ್ರಿ. ದಿನಾ ಎರಿಯಬೇಕಾದ ಕೂಸಿಗೆ ನೀರಿಲ್ದ ಎರಡ ದಿನಕ್ಕೊಮ್ಮೆ ಎರಿಯಾಕತ್ತೇನಿ. ನಮ್ಮ ಇಪ್ಪತ್ತ ನಿಮಿಷ ನಿಮ್ಮ ಓಣಿಗೆ ಹೆಂಗ ಬಂತು, ಅದನ್ನಷ್ಟ ಹೇಳ್ರಿ."

ಶೈಲಾ ಬಾಯಿ ತೆರೆಯುವಷ್ಟರಲ್ಲಿ ಸಾತವ್ವ ಇನ್ನೊಂದು ಮಾತು ಸೇರಿಸಿದಳು. "ನೀರ ಬಿಡಾಂವ ನಮ್ಮ ಓಣ್ಯಾಗ ಹಾರ್ನ್ ಹಾಕೋದು ಎರಡ ಸಲ. ನಿಮ್ಮ ಮನಿ ಮುಂದ ಮೂರ ಸಲ. ನಮಗೇನ್ ಕಿವಿ ಇಲ್ಲೇನ್ರಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶೈಲಾಳ ಮೈಯ ರಕ್ತವೆಲ್ಲ ಮೂಗಿಗೇ ಬಂದಂತಾಯಿತು. ಒಂದು ವರ್ಷದಿಂದ ಮನೆಮನೆ ತಿರುಗಿ ಕಟ್ಟಿದ ಸಂಘ. ತಾನೇ ಹಚ್ಚಿದ ಸೀಮೆಸುಣ್ಣ ತನ್ನನ್ನೇ ಕಳ್ಳಿ ಮಾಡಿತ್ತು.

"ಅಧ್ಯಕ್ಷರ, ಸಂಜಿ ಐದಕ್ಕ ಮತ್ತ ಸಭಾ ಕರೀರಿ," ಎಂದಳು. "ಉತ್ತರ ನಾ ತರ್ತೇನಿ."

ಮೂರನೇ ಹಾರ್ನಿನ ಸಂಗತಿ ಸುಳ್ಳೇನಲ್ಲ. ನೀರು ಬಿಡುವ ಭೀಮಶಿ, ವಾಲ್ ತಿರುವುವ ಕಬ್ಬಿಣದ ಸಳಿಯನ್ನು ಬೈಕಿಗೆ ಕಟ್ಟಿಕೊಂಡು ಬರುತ್ತಾನೆ. ಓಣಿಯ ತುದಿಯಲ್ಲಿ ಎರಡು ಹಾರ್ನ್ ಹಾಕಿದರೆ ನೀರು ಬಂತೆಂದು ಅರ್ಥ. ಹೆಂಗಸರು ಒಲೆಯ ಮೇಲಿನದನ್ನು ಒಲೆಯ ಮೇಲೇ ಬಿಟ್ಟು ಓಡಿ ಬರುತ್ತಾರೆ. ಕಡೆಯ ಮನೆಯಾದ ಶೈಲಾಳ ಗೇಟಿನ ಮುಂದೆ ಮಾತ್ರ ಅವನು ಇನ್ನೊಂದು ಹಾಕುತ್ತಿದ್ದ. ಸಣ್ಣದು, ಕೆಮ್ಮಿದ ಹಾಗೆ.

ಆ ಕಡೆ ಲೇಡಿ ಟೀಚರುಗಳನ್ನು ಊರಿಗೂರೇ ಅಕ್ಕೋರು ಎನ್ನುತ್ತದೆ. ಭೀಮಶಿ ಒಬ್ಬನೇ ಅವಳನ್ನು ಟೀಚರ್ ಎನ್ನುತ್ತಿದ್ದ. ಯಾಕೆ ಅಕ್ಕ ಅನ್ನುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವನಿಗೂ ಗೊತ್ತಿತ್ತು. ಅವನು ಗೇಟಿನತ್ತ ಒಮ್ಮೆ ನೋಡಿ, ಕೂಡಲೇ ಬೈಕಿನ ಕನ್ನಡಿ ಒರೆಸತೊಡಗುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

"ಹಾರ್ನ್ ಕೇಳಿ ಮಂದಿ ಕೊಡ ಹುಡುಕ್ತಾರ, ನೀ ಕನ್ನಡಿ ಹುಡುಕ್ತಿ ನೋಡವ್ವಾ," ಎಂದು ತಾಯಿ ಪದ್ಮವ್ವ ಒಮ್ಮೆ ಅಂದದ್ದಕ್ಕೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಈಗ ಅದೇ ಹಾರ್ನು ಸಭೆಯಲ್ಲಿ ನಗೆಪಾಟಲಾಗಿತ್ತು. ನೆತ್ತಿ ಸುಡುವ ಬಿಸಿಲಲ್ಲಿ ಅವಳು ನೀರಿನ ಟ್ಯಾಂಕಿನವರೆಗೆ ನಡೆದೇ ಹೋದಳು.

ಭೀಮಶಿ ಟ್ಯಾಂಕಿನ ನೆರಳಲ್ಲಿ ಕೂತು ವಾಲಿಗೆ ಗ್ರೀಸ್ ಹಚ್ಚುತ್ತಿದ್ದ. ಅವಳನ್ನು ಕಂಡವನೇ ಎದ್ದ, ಕೂದಲು ಸರಿ ಮಾಡಿಕೊಳ್ಳಲು ಹೋಗಿ ಹಣೆಗೆ ಗ್ರೀಸ್ ಬಳಿದುಕೊಂಡ. ಕಣ್ಣಲ್ಲಿ ಹಬ್ಬ.

"ಬರ್ರಿ ಟೀಚರ್. ಇಷ್ಟ ಬಿಸಲಾಗ..."

"ನಾಲ್ಕನೇ ಓಣಿಗೆ ನೀರ ಎಷ್ಟ ಹೊತ್ತ ಬಿಡ್ತೀರಿ?"

ಅವನ ಕಣ್ಣು ನೆಲಕ್ಕಿಳಿಯಿತು.

"ಸುಳ್ಳ ಹೇಳಬ್ಯಾಡ್ರಿ. ಗೋಡಿ ಮ್ಯಾಲೆ ಬರದೈತಿ."

"ಇಪ್ಪತ್ತ ನಿಮಿಷ್ರಿ."

"ನಮ್ಮ ಓಣಿಗೆ?"

"ಅರವತ್ತ."

"ಯಾಕ?"

ಅವನು ಗ್ರೀಸಿನ ಕೈ ಒರೆಸಿಕೊಂಡ. "ನಿಮ್ಮ ಮನಿ ಕಡೀಕ ಐತ್ರಿ. ಎಂಟ ತಿಂಗಳ ಹಿಂದ ಒಂದಿನ ವಾಲ್ ಬಂದ್ ಮಾಡಿ ಹೊಂಟಿದ್ದೆ. ನೀವು ಸಾಲಿಗೆ ಹೋಗೂ ಸೀರಿ ಉಟಗೊಂಡು, ಖಾಲಿ ಕೊಡ ಹಿಡಕೊಂಡು ಗೇಟಿನಾಗ ನಿಂತಿದ್ರಿ. ಊರ ಮಂದಿ ಎಲ್ಲಾ ನನ್ನ ಬೈತಾರ್ರಿ. ನೀವು ಬೈಲಿಲ್ಲ. ಕೊಡ ಬೋರಲ ಹಾಕಿ ಬಸ್ಸಿಗೆ ಹೋದ್ರಿ. ಅವತ್ತ ನನಗ ಊಟ ಸೇರಲಿಲ್ಲ. ಆ ಕೊಡ ಇನ್ನ ಖಾಲಿ ಇರಬಾರದು ಅನ್ಕೊಂಡೆ."

ಬೇರೆ ಯಾವ ದಿನ ಈ ಮಾತು ಕೇಳಿದ್ದರೂ ಅವಳು ಅದನ್ನು ಬಸ್ಸಿನ ಕಿಟಕಿಯಲ್ಲಿ ಕೂತು ದಾರಿಯುದ್ದಕ್ಕೂ ನೆನೆಸಿಕೊಳ್ಳುತ್ತಿದ್ದಳು. ಇವತ್ತೂ ಎದೆಯೊಳಗೆ ಏನೋ ಕರಗಿತು, ಖರೆ. ಕರಗಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ತುಂಬೇತೇನು ಆ ಕೊಡ?"

"ಅಂದ್ರ?"

"ನಮ್ಮ ನಳಾ ಆಗೂ ಇಪ್ಪತ್ತೈದ ನಿಮಿಷ ಸಣ್ಣಗ ಹನಸ್ತಿತ್ತು, ಈಗೂ ಅಷ್ಟ. ಓಣಿಯ ಮೊದಲನೇ ಮನಿ ಶಿದ್ರಾಮಪ್ಪಂದು. ಅರವತ್ತ ನಿಮಿಷದ ಲೆಕ್ಕಾ ಕೇಳಿದ ಮ್ಯಾಲೆ ಇವತ್ತ ನನಗ ಹೊಳೀತು, ಲೈನಿಗೆ ಮೋಟರ್ ಹಚ್ಚ್ಯಾನ. ಮಾಳಗಿ ಮ್ಯಾಲೆ ಎರಡ ನೀರಿನ ಟಾಕಿ ಅದಾವ. ನೀ ನನಗಂತ ಬಿಟ್ಟ ನೀರಾಗ ಶಿದ್ರಾಮಪ್ಪ ಕಾರ್ ತೊಳದಾನ."

ಅವಳು ಮೊದಲ ಸಲ ತನಗೆ ನೀ ಅಂದದ್ದು ಆ ಬೈಗುಳದ ನಡುವೆಯೂ ಭೀಮಶಿಯ ಕಿವಿಗೆ ಬಿತ್ತು, ಅದರ ಖುಷಿ ಪಡುವ ಹೊತ್ತು ಮಾತ್ರ ಇದಾಗಿರಲಿಲ್ಲ.

"ಮೋಟರ್ ಐತಿ ಅಂತ ನನಗ ಸಂಶೆ ಇತ್ತು," ಎಂದ. "ಕೇಳೂ ಅಧಿಕಾರ ನನಗೆಲ್ಲೈತ್ರಿ? ನಾ ಕಾಂಟ್ರಾಕ್ಟ್ ಮ್ಯಾಲಿನ ಆಳು."

"ನನಗಿತ್ತಲ್ಲ ಅಧಿಕಾರ? ನನಗ ಹೇಳಬೇಕಿತ್ತು. ಅತ್ತೀ ಸೊತ್ತು ಅಳಿಯ ದಾನ ಮಾಡಿದಂಗ, ಸಾತವ್ವನ ಮಮ್ಮಗನ ನೀರ ತಗದು ನನಗ ಕೊಟ್ಟಿ. ಅದೂ ನನ್ನ ಹೆಸರಿಲೆ. ನನ್ನ ಒಂದ ಮಾತ ಕೇಳಿದ್ದೇನು? ಕೇಳಿದ್ರ ಹೇಳ್ತಿದ್ದೆ, ನೀರ ಬ್ಯಾಡ, ಬಾಯಿ ಬಿಟ್ಟು ಒಂದ ಮಾತ ಹೇಳು, ಸಾಕು ಅಂತ. ಎಂಟ ತಿಂಗಳ ಹಾರ್ನ್ ಹಾಕಿದಿ. ಬಾಯಿ ಇರಲಿಲ್ಲೇನು ನಿನಗ?"

ಆಡಬಾರದ್ದನ್ನು ಆಡಿಬಿಟ್ಟಿದ್ದಳು. ತಿರುಗಿ ನಿಂತು ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ಸಂಜಿ ಐದಕ್ಕ ಸಭಾ ಐತಿ. ನಾ ಅಂತೂ ಖರೆ ಹೇಳಾಕಿ. ಬರೂದು ಬಿಡೂದು ನಿಂದು."

"ಬಂದು ಒಪ್ಪಿಕೊಂಡ್ರ ಕೆಲಸ ಹೋಗ್ತೈತ್ರಿ."

"ಗೊತ್ತೈತಿ," ಎಂದು ಅವಳು ಹಿಂತಿರುಗಿ ನೋಡದೆ ನಡೆದಳು.

ಸಂಜೆ ಸಮುದಾಯ ಭವನ ಕಿಕ್ಕಿರಿದಿತ್ತು. ಸಂಘದ ಸಭೆಗೆ ಎಂದೂ ಬಾರದವರೂ ಬಂದಿದ್ದರು. ಹುಡುಗಿಯೊಬ್ಬಳ ಮಾನದ ಮಾತಿದ್ದರೆ ಕೋರಂ ಕೊರತೆ ಎಂದೂ ಆಗುವುದಿಲ್ಲ. ಶಿದ್ರಾಮಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದಿನ ಕುರ್ಚಿ ಹಿಡಿದಿದ್ದರು.

ಶೈಲಾ ಎದ್ದು ನಿಂತಳು. "ನಾಲ್ಕನೇ ಓಣಿಯ ಇಪ್ಪತ್ತ ನಿಮಿಷ ನಮ್ಮ ಓಣಿಗೆ ಬಂದದ್ದು ಖರೆ ಐತಿ. ನನಗ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು, ಅದಕ್ಕ..."

ಹೊರಗೆ ಬೈಕು ನಿಂತ ಸದ್ದಾಯಿತು. ಭೀಮಶಿ ಕಬ್ಬಿಣದ ಸಳಿಯನ್ನು ಬಾಗಿಲಿಗೆ ಆನಿಸಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದ. ಹಣೆಯ ಮೇಲೆ ಗ್ರೀಸ್ ಇನ್ನೂ ಇತ್ತು.

"ವಾಲ್ ತಿರುವಿದಾಂವ ನಾ ಅದೇನ್ರಿ," ಎಂದ. "ಅಕ್ಕೋರಿಗೆ ಏನೂ ಗೊತ್ತಿಲ್ಲ."

ಎಂದೂ ಅಕ್ಕೋರು ಅನ್ನದವನು ಅವತ್ತು ಅಷ್ಟು ಜನರ ಮುಂದೆ ಅಂದ. ಅವಳನ್ನು ಕಾಯುವುದಕ್ಕೇ ಅಂದದ್ದು. ಆದರೂ ಶೈಲಾಳಿಗೆ ಆ ಒಂದು ಮಾತು ಬೆಳಗಿನ ಅವಮಾನಕ್ಕಿಂತ ಹೆಚ್ಚು ಚುಚ್ಚಿತು.

"ಯಾಕಪಾ ತಮ್ಮಾ, ಯಾಕ ಹಂಗ ಮಾಡಿದಿ?" ಚನಮಲ್ಲಪ್ಪ ಕೇಳಿದರು.

ಭೀಮಶಿ ಸಾತವ್ವನ ಕಡೆ ನೋಡಿದ, ಶೈಲಾಳ ಕಡೆ ನೋಡಲಿಲ್ಲ. "ಅವರ ಮ್ಯಾಲೆ ನನಗ ಮನಸ್ಸೈತ್ರಿ. ಅವರ ಮುಂದ ಹೇಳಾಕ ಧೈರ್ಯ ಸಾಲಲಿಲ್ಲ, ವಾಲ್ ತಿರುವಾಕ ಸಾಲ್ತು. ತಪ್ಪ ನಂದು. ನಿಮ್ಮ ಮನ್ಯಾಗ ಬಾಣಂತಿ ಅದಾಳಂತ ನನಗ ತಿಳೀಲಿಲ್ಲ ಸಾತವ್ವಾರ. ತಿಳಕೋಬೇಕಿತ್ತು."

"ನೋಡ್ರಿ, ನೋಡ್ರಿ," ಶಿದ್ರಾಮಪ್ಪ ಎದ್ದರು. "ಇಂಥಾವನ್ನ ಮೊದಲ ಕಿತ್ತ ಒಗೀಬೇಕು. ನಾವೇನು ಹೆಚ್ಚಿನ ನೀರ ಕೇಳಿದ್ವೇನು?"

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆಗಲೇ ಅವರು ಹೆಗಲು ಮುಟ್ಟಿ ನೋಡಿಕೊಂಡಿದ್ದರು.

"ಕುಂಡರ್ರಿ ಕಾಕಾ," ಎಂದಳು ಶೈಲಾ. "ನಿಮ್ಮ ಮೋಟರಿನ ಮಾತು ಇನ್ನ ಮ್ಯಾಲೈತಿ."

"ಮೋಟರಾ? ಯಾವ ಮೋಟರ?"

"ಬಚ್ಚಲದ ಹಿಂದ ಐತ್ರಿ," ಎಂಬ ಸಣ್ಣ ದನಿ ಹೆಂಗಸರ ಸಾಲಿನಿಂದ ಬಂತು. ಶಿದ್ರಾಮಪ್ಪನ ಸೊಸೆ ರಾಜಶ್ರೀ. ಗೋಡೆಯ ಮೇಲೆ ಅರವತ್ತು ನಿಮಿಷವನ್ನು ಅರವತ್ತೇ ಎಂದು ಬರೆದವಳೂ ಅವಳೇ. "ಮ್ಯಾಲೆ ಗೋಣಿಚೀಲಾ ಮುಚ್ಚೇತ್ರಿ."

ಶಿದ್ರಾಮಪ್ಪ ಕುಳಿತರು. ಆಮೇಲೆ ಅವರು ಏಳಲಿಲ್ಲ.

ಎಂಟು ದಿನದೊಳಗೆ ಲೈನಿಗೆ ಹಚ್ಚಿದ ಮೋಟರುಗಳನ್ನೆಲ್ಲ ತೆಗೆಯಬೇಕೆಂದು ಠರಾವು ಆಯಿತು. ಭೀಮಶಿಯ ಸರದಿ ಬಂದಾಗ ಚನಮಲ್ಲಪ್ಪ ಮೆತ್ತಗಾದರು. "ಹುಡುಗ ತಾನಾಗಿ ಬಂದು ಒಪ್ಪಿಕೊಂಡಾನ. ಒಂದ ಸಲ ಬಿಡೂಣೇನು?"

"ಬಿಡ್ರಿ, ನಮ್ಮ ನೀರ ನಮಗ ಬಂದ್ರ ಸಾಕು," ಎಂದಳು ಸಾತವ್ವ ಕೂಡ.

"ಇಲ್ಲ," ಎಂದಳು ಶೈಲಾ. ಠರಾವಿನ ಪುಸ್ತಕ ಎಳೆದುಕೊಂಡು, ಬೋರ್ಡಿನ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದಳು: ನೀರು ಬಿಡುವ ಭೀಮಶಿ ಇವರನ್ನು ಈ ಬಡಾವಣೆಯಿಂದ ಬೇರೆ ವಾರ್ಡಿಗೆ ಬದಲಿಸಲು ಕೋರಲಾಗಿದೆ. ಕೆಳಗೆ ಸಹಿ ಮಾಡಿದಳು.

"ಕಲ್ಲಿನಂಥಾ ಹುಡುಗಿ," ಎಂದು ಯಾರೋ ಅಂದರು. ಭೀಮಶಿ ಆ ಸಹಿಯನ್ನು ನೋಡಿದ, ಬಾಗಿಲ ಬಳಿಯ ಸಳಿ ಎತ್ತಿಕೊಂಡು ಹೋದ. ಹಾರ್ನ್ ಹಾಕಲಿಲ್ಲ.

ಆ ವಾರವೆಲ್ಲ ಪದ್ಮವ್ವ ಮಗಳ ತಟ್ಟೆಯನ್ನು ಸದ್ದು ಮಾಡಿಯೇ ಇಟ್ಟಳು. "ಊರ ಉಸಾಬರಿ ಮಾಡಿ ಮನೀಗೆ ಬರೂ ಅಳಿಯನ್ನ ಓಡಿಸಿದಿ," ಎಂದಳು. ಶೈಲಾ ಪೇಪರ್ ತಿದ್ದುತ್ತಲೇ ಇದ್ದಳು.

ನೀರಿನ ದಿನ ಹೊಸಬ ಬಂದ. ಎರಡೇ ಹಾರ್ನ್. ಸರಿಯಾಗಿ ನಲವತ್ತು ನಿಮಿಷ. ಶಿದ್ರಾಮಪ್ಪನ ಮೋಟರ್ ಇರಲಿಲ್ಲ. ಕಡೆಯ ಮನೆಯ ನಳದಲ್ಲಿ ಹೆಬ್ಬೆರಳು ದಪ್ಪದ ನೀರು ಬಂದು ಕೊಡಗಳೆಲ್ಲ ತುಂಬಿ, ಪದ್ಮವ್ವ ತುಳಸಿಗೂ ಹಾಕಿದಳು. ನಾಲ್ಕನೇ ಓಣಿಯಿಂದ ಸಾತವ್ವನ ಮೊಮ್ಮಗ ಎರೆಸಿಕೊಳ್ಳುತ್ತ ಅಳುವುದು ಕೇಳಿಸುತ್ತಿತ್ತು.

ಅವತ್ತೇ ಸಂಜೆ ಗೇಟಿನ ಮುಂದೆ ಬೈಕು ನಿಂತಿತು. ಭೀಮಶಿ ಒಳಗೆ ಬರಲಿಲ್ಲ, ಗೇಟು ಹಿಡಿದೇ ನಿಂತ.

"ಕೆಲಸ ಉಳದೈತ್ರಿ. ಹಳೇ ಪ್ಯಾಟಿ ಕಡೆ ಹಾಕ್ಯಾರ. ಒಂದ ಮಾತ ಕೇಳಾಕ ಬಂದೆ. ನನ್ನ ತಗಸಿದ್ದು ಸಿಟ್ಟಿಗೇನ್ರಿ?"

"ಸಿಟ್ಟಿಗೆ. ಇನ್ನೂ ಐತಿ ಸಿಟ್ಟು."

ಅವನು ತಲೆಯಾಡಿಸಿ ಬೈಕಿನತ್ತ ತಿರುಗಿದ.

"ಪೂರಾ ಕೇಳು," ಎಂದಳು ಶೈಲಾ. ಮೂಗು ಕೆಂಪಾಗಿತ್ತು. "ನಮ್ಮ ಓಣಿಗೆ ನೀರ ಬಿಡಾಂವನ್ನ ನಾ ಹೆಂಗ ಲಗ್ನ ಆಗಲಿ? ಜನ್ಮ ಇಡೀ ಊರ ಮಂದಿ ನಮ್ಮ ನಳದ ಹನಿ ಎಣಸ್ತಿದ್ರು. ಬ್ಯಾರೆ ವಾರ್ಡಿನಾಂವ ಆದ್ರ ಯಾರೂ ಎಣಸೂದಿಲ್ಲ."

ಭೀಮಶಿಗೆ ಆ ಲೆಕ್ಕ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವನು ಗೇಟಿಗೆ ಇನ್ನೊಂದು ಕೈಯನ್ನೂ ಕೊಟ್ಟ.

"ಟೀಚರ್..."

"ಶೈಲಾ ಅನ್ನು. ಬಾಯಿ ಐತಲ್ಲ?"

"ಶೈಲಾ," ಎಂದ. ಎಂಟು ತಿಂಗಳ ಹಾರ್ನೆಲ್ಲ ಅದರೊಳಗಿತ್ತು.

ಪದ್ಮವ್ವ ಯಾವಾಗಲೋ ಬಂದು ಬೆನ್ನ ಹಿಂದೆ ನಿಂತಿದ್ದಳು, ಒಂದು ಕೈಯಲ್ಲಿ ಬೆಲ್ಲದ ತುಣುಕು, ಒಂದು ಕೈಯಲ್ಲಿ ತಂಬಿಗೆ. "ಊರಿಗೆಲ್ಲಾ ನೀರ ಬಿಟ್ಟಿ, ನಮ್ಮ ಮನ್ಯಾಗ ಒಂದ ಗುಟುಕ ಕುಡೀಲಿಲ್ಲ ನೋಡಪಾ. ತಗೋ."

ಅವನು ಬೆಲ್ಲ ಬಾಯಿಗಿಟ್ಟು ತಂಬಿಗೆ ಎತ್ತಿ ಕುಡಿದ. ಅವಸರಕ್ಕೆ ನೀರು ಗದ್ದಕ್ಕಿಳಿಯಿತು.

"ಚೆಲ್ಲಬ್ಯಾಡ," ಎಂದಳು ಶೈಲಾ. "ಐದ ದಿನಾ ಬರಬೇಕು ಅದು."

ಮುಂದಿನ ಭಾನುವಾರ ತಾಯಿಯನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಅವನು ಬೈಕು ಹತ್ತಿದ. ಖುಷಿಯಲ್ಲಿ ಮೈಮರೆತನೋ, ರೂಢಿಯೋ, ಗೇಟು ದಾಟುವಾಗ ಮೂರು ಹಾರ್ನ್ ಹಾಕಿಯೇಬಿಟ್ಟ.

ಮೂರನೇ ಓಣಿಯ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದವು. ರಾಜಶ್ರೀ ಹಿಟ್ಟಿನ ಕೈಯಲ್ಲೇ ಕೊಡ ಹಿಡಿದು ಓಡಿ ಬಂದಳು, ಅವಳ ಹಿಂದೆ ಇನ್ನೂ ಎಂಟು ಹತ್ತು ಜನ. ನಳ ತಿರುವಿದರೆ ಬುಸ್ ಎಂಬ ಗಾಳಿ. ಓಣಿಯ ತುದಿಯಲ್ಲಿ ಮರೆಯಾಗುತ್ತಿದ್ದ ಬೈಕಿಗೆ ಹೆಂಗಸರು ಬಾಯಿಗೆ ಬಂದದ್ದನ್ನೆಲ್ಲ ಅಂದರು.

"ಅಕ್ಕೋರ, ನೀರ ಎಲ್ಲೈತ್ರಿ?" ಎಂದು ಒಬ್ಬಳು ಸಿಟ್ಟಿನಿಂದ ಕೇಳಿದಳು.

ಶೈಲಾ ಗೇಟಿನಿಂದ ಒಂದು ಹೆಜ್ಜೆ ಹೊರಗೆ ಬಂದು ನಿಂತಳು.

"ನೀರಿಲ್ರೆವ್ವಾ, ಒಳಗ ನಡೀರಿ," ಎಂದಳು. "ಅದು ನನಗ ಹಾಕಿದ ಹಾರ್ನು."