ಕಾಲುಮುಂದಾಗಿ ಹುಟ್ಟಿದವಳು

ಮಸಗುಪ್ಪಿಯ ಮನೆಯಲ್ಲಿ ಶಹನಾಜಬಿ ಚಾಪೆಯ ಮೇಲೆ ಬೋರಲಾಗಿ ಬಿದ್ದಿದ್ದರು. ಏಳಲಾಗದು, ಹೊರಳಲಾಗದು. ಪಕ್ಕದಲ್ಲೊಂದು ಬಡಿಗೆ. ಗೋಕಾಕಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ, ಬೆನ್ನೆಲುಬಿನ ಎರಡು ಮಣಿಗಳು ಕುಸಿದಿದ್ದವು.

"ಭಾಬಿನೇ ಬಡದಾಳ್ರೀ ಮೇಡಂ! ನಾ ಮೂಡಲಗಿಯಿಂದ ಬಂದಾಗ ಅಮ್ಮಿ ಹಿಂಗ ಬಿದ್ದಿದ್ಲು. ಮನ್ಯಾಗ ಭಾಬಿ ಒಬ್ಬಾಕಿನೇ ಇದ್ಲು," ಎಂದು ಮಗಳು ಅಫ್ರೀನ ದೂರು ಕೊಟ್ಟಳು.

ಪಿಎಸ್‌ಐ ವಿದ್ಯಾ ಸೊಸೆ ಅಲ್ಮಾಸಳನ್ನು ಕರೆಸಿದಳು.

"ಸುಳ್ಳರೀ. ನಾ ಜ್ವಾಳಾ ಬೀಸಾಕ ಹೋಗಿದ್ನಿ. ತಿರಗಿ ಬಂದಾಗ ಅಫ್ರೀನನೇ ಮನ್ಯಾಗ ಇದ್ಲು. ಆ ಬಡಿಗಿ ಅತ್ತಿ ಊರಕೊಂಡು ನಡಿಯೂದ್ರಿ."

"ಗಿರಣಿಯವ್ರು ನೋಡ್ಯಾರೇನು?"

"ಕರೆಂಟ ಇರಲಿಲ್ರಿ. ಗಿರಣಿ ಬಾಗಲಾ ಹಾಕಿತ್ತು."

ಎಂಥ ಹಣೆಬರಹ! ಕರೆಂಟೂ ಅವತ್ತೇ ಕೈಕೊಡಬೇಕೆ? ಗಂಡ ಅಯೂಬ ಆಗಲೇ ತೀರ್ಪು ಕೊಟ್ಟಾಗಿತ್ತು. ಅಲ್ಮಾಸ ತವರು ಹತ್ತರಗಿಗೆ ಹೋಗಬೇಕು, ಎರಡು ವರ್ಷದ ಕೂಸು ಮಾತ್ರ ತನ್ನ ಬಳಿಯೇ ಇರಬೇಕು.

*

"ಬೆನ್ನ ಮ್ಯಾಲೆ ಒಂದ ಬಾಸುಂಡೆ ಇಲ್ಲರೀ," ಎಂದರು ಆಸ್ಪತ್ರೆಯ ಡಾಕ್ಟರ್ ಅನ್ನಪೂರ್ಣಾ. "ಬಡಿಗಿ ಏಟಲ್ಲ ಇದು."

"ಬಿದ್ದಿರಬೇಕೇನು?" ಎಂದು ವಿದ್ಯಾ ಕೇಳಿದಳು.

"ಮೊಣಕೈ ಮೊಣಕಾಲು ಎಲ್ಲೂ ತರಚಿಲ್ಲ. ಇವರಿಗೆ ಶ್ವಾಸಕೋಶದ ಕ್ಯಾನ್ಸರಿಗೆ ಇಮ್ಯುನೋಥೆರಪಿ ನಡದೈತಿ. ಮೈಯಾಗಿನ ರೋಗನಿರೋಧಕ ಶಕ್ತಿಯನ್ನ ಕ್ಯಾನ್ಸರ್ ಗಡ್ಡಿ ಮ್ಯಾಲೆ ಬಿಡೂ ಔಷಧ. ಗಡ್ಡಿ ಕರಗೈತಿ, ಖರೆ. ಆದ್ರ ಕೆಲವರಿಗೆ ಅದು ಎಲುಬನ್ನೂ ಸವಸತೈತಿ. ಆ ಔಷಧದಿಂದಾದ ಕರುಳಿನ ಉರಿಗೆ ನಾಕು ತಿಂಗಳು ಸ್ಟಿರಾಯ್ಡ್ ಬ್ಯಾರೆ ಕೊಟ್ಟಾರ. ಎಲುಬು ಹಪ್ಪಳಾಗೈತಿ. ಮ್ಯಾಲಿಂದ ಭಾರ ಬಿದ್ರ ಸಾಕು."

ಶಹನಾಜಬಿ ಗೋಡೆಯ ಕಡೆ ಮುಖ ಮಾಡಿದ್ದರು.

"ಯಾರೂ ಏನೂ ಮಾಡಿಲ್ಲವಾ. ಸೊಸಿನ್ನ ಬಿಡ್ರಿ," ಅಂದರು. ಅದರಾಚೆ ತುಟಿ ಬಿಚ್ಚಲಿಲ್ಲ. ಯಾರನ್ನೋ ಉಳಿಸುತ್ತಿದ್ದಾಳೆ ಮುದುಕಿ, ಅನ್ನಿಸಿತು ವಿದ್ಯಾಳಿಗೆ.

*

ಹೇಳಿಕೆಗೆ ಸಹಿ ಹಾಕಿಸಲು ವಿದ್ಯಾ ಮೂಡಲಗಿಗೆ ಅಫ್ರೀನಳ ಮನೆಗೆ ಹೋದಳು. ಕೂತು ಐದು ನಿಮಿಷವಾಗಿಲ್ಲ, ಸೊಂಟ ಹಿಡಿದುಕೊಂಡು ಒಬ್ಬ ಮುದುಕ ಬಂದ. ಬಂದವನೇ ಬೆನ್ನು ತಿರುಗಿಸಿ ಹೊಸ್ತಿಲಲ್ಲಿ ನಿಂತ.

"ಅಫ್ರೀನವ್ವಾ, ಉಳುಕೈತಿ. ಒಮ್ಮಿ ಕಾಲು ಮುಟ್ಟಿಸವಾ."

"ಇವತ್ತ ಆಗೂದಿಲ್ಲ ಶೆಟ್ಟೆಪ್ಪ ಕಾಕಾ, ಹೋಗ್ರಿ!"

"ಈಕಿನ್ನೇ ಯಾಕ ಕೇಳತೀರಿ ಕಾಕಾ?" ವಿದ್ಯಾ ವಿಚಾರಿಸಿದಳು.

"ಕಾಲುಮುಂದಾಗಿ ಹುಟ್ಟಿದಾಕಿರೀ. ಈಕಿ ಕಾಲು ಬೆನ್ನಿಗೆ ಬಿದ್ರ ಉಳುಕು ಹೋಗತೈತಿ. ಓಣಿ ಮಂದಿಯೆಲ್ಲ ಈಕಿ ಕಡೇನೇ ಬರತೇವಿ."

ಅಫ್ರೀನ ಪಾದ ಒಳಗೆಳೆದುಕೊಂಡಳು. ಮುದುಕ ಹೋದ ಮೇಲೆ ವಿದ್ಯಾ ಮಾತು ತೆಗೆದಳು.

"ಹೊಡಿಸಿಕೊಳ್ಳಾಕ ಯಾರೂ ಚಾಪಿ ಹಾಸಿ ಬೋರಲ ಮಲಗೂದಿಲ್ಲ. ಬಾಸುಂಡೆ ಇಲ್ಲ, ತರಚಿಲ್ಲ. ಮ್ಯಾಲೆ ಬಿದ್ದದ್ದು ಬರಿಗಾಲಿನ ಭಾರ. ನಿಮ್ಮಮ್ಮಿ ಯಾರ ಕಾಲಿಗೆ ತಾನಾಗಿ ಬೆನ್ನು ಕೊಡತಾಳ? ಯಾರ ಹೆಸರು ಹೇಳಾಕ ವಲ್ಲೆ ಅಂತಾಳ?"

ಅಫ್ರೀನ ಅಳುತ್ತ ನೆಲಕ್ಕೆ ಕೂತಳು.

"ಬೆನ್ನು ಭಾಳ ನೋಯತೈತಿ, ತುಳಿ ಅಂದ್ಲರೀ. ಲಟಕ್ ಅಂತು. ಸಣ್ಣಾಕಿದ್ದಾಗಿಂದ ಎಲ್ಲಾರೂ ನನ್ನ ಕಾಲಿನ ಗುಣಾ ಹೊಗಳ್ಯಾರ. ಹಡದಾಕಿ ಬೆನ್ನ ಮುರದ್ನಿ ಅಂತ ಹೆಂಗ ಹೇಳ್ಲಿ? ಅಷ್ಟರಾಗ ಭಾಬಿ ಬಂದ್ಲು…"

"ತುಳದದ್ದು ಗೊತ್ತಿಲ್ದ. ಭಾಬಿ ಹೆಸರು ಬರಿಸಿದ್ದು ಗೊತ್ತಿದ್ದೂ. ಕೇಸು ಅದಕ್ಕ. ನಡಿ."

ಅಳುವ ಹೆಣ್ಣನ್ನು ಎಬ್ಬಿಸುವಾಗ ವಿದ್ಯಾಳಿಗೂ ಸಂಕಟವಾಯಿತು.

*

ಆಸ್ಪತ್ರೆಯಲ್ಲಿ ವಿದ್ಯಾ ಎಲ್ಲರೆದುರಿಗೇ ವಿಷಯ ಬಿಡಿಸಿ ಹೇಳಿದಳು. ಶಹನಾಜಬಿ ಅಳುತ್ತ ಮಗಳ ಕೈ ಹಿಡಿದುಕೊಂಡರು.

ಅಯೂಬ ಹೆಂಡತಿಯ ಹತ್ತಿರ ಬಂದ. "ಆತು ಬಿಡು ಅಲ್ಮಾಸ, ಮನಿಗೆ ಹೋಗೂಣು."

ಅಲ್ಮಾಸ ಅವನ ತೋಳಿನಿಂದ ಕೂಸನ್ನು ಎತ್ತಿಕೊಂಡಳು. ಅತ್ತೆಯ ಹೊದಿಕೆ ಸರಿಪಡಿಸಿದಳು. ಆಮೇಲೆ ವಿದ್ಯಾಳ ಕಡೆ ತಿರುಗಿದಳು.

"ಹತ್ತರಗಿ ಬಸ್ಸು ಎಷ್ಟಕ್ಕ ಐತ್ರಿ ಮೇಡಂ?"