ಕಾರಿನ ನೆತ್ತಿಯ ಮೇಲೆ ತೊಳೆಯದ ಪಟ್ಟಿ

ಕತ್ತಲೆಯ ಒಳಗಣ ಕತ್ತಲೆಯನ್ನೂ ಹಗಲಿನಂತೆ ಕಾಣುವವನು, ಯಾರೂ ಇಲ್ಲದವರ ಬಾಗಿಲಲ್ಲಿ ಉಸಿರಾಗಿ ನಿಲ್ಲುವವನು, ಆ ಸರ್ವಸಾಕ್ಷಿಗೆ ಮೊದಲು ತಲೆಬಾಗುತ್ತೇನೆ. ಮರೆಯಾದ ನಿಜವನ್ನು ಬೆಳಕಿಗೆ ತರುವ ಬುದ್ಧಿ ಅವನದು. ಹೇಳುವ ನಾಲಿಗೆ ಮಾತ್ರ ನಮ್ಮದು. ಅವನ ನೆರಳಿನಲ್ಲಿ ಕುಳಿತು ಈ ಕತೆಯನ್ನು ಆರಂಭಿಸುತ್ತೇನೆ.

ಶನಿವಾರ ಬೆಳಿಗ್ಗೆ ದೊಡ್ಡಮ್ಮನ ಬಾಗಿಲನ್ನು ಯಾರೋ ಎರಡೂ ಕೈಯಿಂದ ಬಡಿದರು. ಬಾಗಿಲು ತೆರೆದವರು ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಅವರು ದೊಡ್ಡಮ್ಮ ಇರುವ ಕಟ್ಟಡದ ಹಿಂಬದಿಯ ಮಹಡಿ ಕೋಣೆಗೆ ಬಾಡಿಗೆಗೆ ಬಂದು ಆರು ವರ್ಷವಾಗಿತ್ತು. ಬೆಳಗಿನ ಚಹಾಕ್ಕೆ ದೊಡ್ಡಮ್ಮನ ಮನೆಗೆ ಬರುವುದನ್ನು ಬಿಟ್ಟರೆ, ಇಡೀ ದಿನ ಅವರ ಗಂಟಲಿನಿಂದ ಹತ್ತು ಮಾತು ಹೊರಡುತ್ತಿದ್ದುದೂ ಅಪರೂಪ.

ದೊಡ್ಡಮ್ಮ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗವನ್ನು ಆಳಿದವರು. ಬಟ್ಟೆಯ ಮೇಲಿನ ಕಲೆಯನ್ನು ನೋಡಿ ಅದರ ಒಡೆಯನ ಕತೆಯನ್ನು ಹೇಳಬಲ್ಲವರೆಂದು ಪೊಲೀಸರೂ ಒಮ್ಮೊಮ್ಮೆ ಅವರ ಮನೆಯ ಮೆಟ್ಟಿಲು ಹತ್ತುತ್ತಿದ್ದರು. ಆಗೆಲ್ಲ ಮೇಷ್ಟ್ರು ಟಿಪ್ಪಣಿ ಪುಸ್ತಕ ಹಿಡಿದು ಹಿಂದೆ ನಡೆಯುವರು. ಅಂಥ ದಿನಗಳಲ್ಲಿ ಅವರಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಬಂದವಳು ಮೊದಲ ಮಹಡಿಯ ಬಸ್ ಡ್ರೈವರನ ಅಕ್ಕ. ನಾಲ್ಕು ಬೀದಿ ಆಚೆ ಹೊಲಿಗೆ ಅಂಗಡಿ ಇಟ್ಟವಳು. ಅವಳ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ದೊಡ್ಡಮ್ಮ, ನನ್ನ ತಮ್ಮನ್ನ ಸೋಮವಾರ ಪೊಲೀಸರು ಕರ್ಕೊಂಡು ಹೋಗ್ತಾರಂತೆ. ಲೈಸೆನ್ಸು ಹೋದ್ರೆ ಅವನ ಕೆಲಸ ಹೋಯ್ತು. ಕೆಲಸ ಹೋದ್ರೆ ಅವನೂ ಹೋದ ಹಾಗೇನೇ. ಬಸ್ಸು ಬಿಟ್ರೆ ಅವನಿಗೆ ಯಾರಿದ್ದಾರೆ?"

"ಕೂತ್ಕೋ ಮಗಳೇ. ಉಸಿರು ಬಿಟ್ಟು ಹೇಳು."

ಗುರುವಾರ ಸಂಜೆ ಐದೂಮುಕ್ಕಾಲಕ್ಕೆ ಓಣಿಯ ತಿರುವಿನಲ್ಲಿ ಪತ್ರಿಕೆ ಮಾರುವ ತಾತನಿಗೆ ಒಂದು ಕಾರು ಡಿಕ್ಕಿ ಹೊಡೆದು, ನಿಲ್ಲದೆ ಓಣಿಯೊಳಕ್ಕೇ ನುಗ್ಗಿತ್ತು. ದೂರದಿಂದ ಕಂಡವರಿಗೆ ಸುರಿಯುವ ಹಿಮದಲ್ಲಿ ಬಣ್ಣ ಗೊತ್ತಾಗಲಿಲ್ಲ. ಬಿದ್ದದ್ದು ಮೂಟೆಯೆಂದು ತಿಳಿದು ಅವರು ಮುಂದೆ ಹೋದರು. ತಾತ ಮುಕ್ಕಾಲು ಗಂಟೆ ಹಿಮದ ಮೇಲೆ ಬಿದ್ದಿದ್ದ. ಈಗ ಸೊಂಟ ಮುರಿದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ. ಓಣಿ ಮುಂದಕ್ಕೆ ಹೋಗುವುದಿಲ್ಲ. ಅದರ ಕೊನೆಗಿರುವುದು ಈ ನಾಲ್ಕು ಮನೆಯ ಕಟ್ಟಡವೊಂದೇ. ಹಿಂದಿನ ಶೆಡ್ಡಿನಲ್ಲಿ ನಿಲ್ಲುವ ಕಾರುಗಳು ಎರಡೇ: ಒಂದು ಡ್ರೈವರನದು, ಇನ್ನೊಂದು ಕೆಳಮನೆಯ ಔಷಧಿ ಅಂಗಡಿಯವನದು.

"ನೆಗ್ಗು ಎರಡು ಕಾರಲ್ಲೂ ಕಾಣಲಿಲ್ಲ. ಔಷಧಿಯವ್ರ ಕಾರಿನ ಮೇಲೆ ತಿಂಗಳ ಕೊಳೆ ಕೂತಿದೆ, ಎಲ್ಲೂ ಉಜ್ಜಿದ ಗುರುತಿಲ್ಲ. ನನ್ನ ತಮ್ಮನ ಕಾರು ಮಾತ್ರ ಮದುವೆಗೆ ಹೊರಟ ಹಾಗೆ ಫಳಫಳ ಅಂತಿದೆ. ಈ ಚಳೀಲಿ ಕಾರು ತೊಳೆಯೋನು ರಕ್ತ ತೊಳೆಯೋಕೇ ತೊಳೆದಿರ್ತಾನೆ ಅಂತಾರೆ ಇನ್ಸ್‌ಪೆಕ್ಟರ್ರು. ಔಷಧಿಯವ್ರು ಕಣ್ಣಾರೆ ನೋಡಿದೀನಿ ಅಂತ ಬರ್ಕೊಟ್ಟಿದಾರೆ, ಆರೂವರೆಗೆ ಇವನು ಪೈಪು ಹಿಡಿದು ನೀರು ಬಿಡ್ತಿದ್ದ ಅಂತ."

"ನಿನ್ನ ತಮ್ಮ ಏನಂತಾನೆ?"

"ಬೆಳಗಿನ ಪಾಳಿ ಮುಗ್ಸಿ ಮಲಗಿದ್ದೆ, ಏಳು ಗಂಟೆಗೆ ಎದ್ದೆ, ಕಾರು ನಾನು ತೊಳೆದೇ ಇಲ್ಲ ಅಂತಾನೆ. ಮತ್ಯಾರು ತೊಳೆದರು ಅಂದ್ರೆ ಬಾಯಿಗೆ ಬೀಗ. ಸುಳ್ಳು ಹೇಳೋಕೂ ಬರಲ್ಲ ದೊಡ್ಡಮ್ಮ ಅವನಿಗೆ. ಚಿಕ್ಕೋನಿದ್ದಾಗ ಬೆಲ್ಲ ಕದ್ದು ತಾನೇ ಬಂದು ಹೇಳ್ತಿದ್ದ."

"ಆ ಕಾರು ಅವನಿಗೆ ಎಲ್ಲಿಂದ ಬಂತು?"

"ಮೇಲ್ಮನೆ ಅಮ್ಮನ ಹತ್ರಾನೇ ತಗೊಂಡಿದ್ದು. ಗಡಿಯಾರದ ಅಂಗಡಿ ಇಟ್ಟಿದ್ದ ಅವರ ಯಜಮಾನ್ರು ತೀರ್ಕೊಂಡ್ಮೇಲೆ ಓಡಿಸೋರಿಲ್ಲ ಅಂತ ಮಾರಿದ್ರು."

ಗುರುವಾರ ಸಂಜೆ ದೊಡ್ಡಮ್ಮನ ಕಣ್ಣು ತೋರಿಸಲು ಇಬ್ಬರೂ ಊರಾಚೆಗೆ ಹೋಗಿದ್ದರು. ಇಲ್ಲದಿದ್ದರೆ ಏನಾದರೂ ಕೇಳಿಸುತ್ತಿತ್ತೆಂದು ಮೇಷ್ಟ್ರು ಕೊರಗಿದರು. "ಇದ್ದಿದ್ರೂ ಕಿಟಕಿ ಮುಚ್ಕೊಂಡು ಮಲಗಿರ್ತಿದ್ವಿ. ನಡೀರಿ," ಎಂದರು ದೊಡ್ಡಮ್ಮ.

ಶೆಡ್ಡಿಗೆ ಬೀಗವಿರಲಿಲ್ಲ, ತಗಡಿನ ಮಾಡು, ಸಿಮೆಂಟು ನೆಲ. ಬಾಗಿಲ ಪಕ್ಕದ ನಲ್ಲಿಗೆ ಸೋಮವಾರವೇ ಗೋಣಿ ಸುತ್ತಿದ್ದರು. ಅದರ ಬಾಯಿಂದ ಹಿಮದ ಕೋಲು ಇಳಿದಿತ್ತು. ದೊಡ್ಡಮ್ಮ ಮೊದಲು ನೆಲವನ್ನು ನೋಡಿದರು. ನೆಲ ಒಣಗಿತ್ತು, ಡ್ರೈವರನ ಕಾರಿನ ಸುತ್ತ ಅಲ್ಲೊಂದು ಇಲ್ಲೊಂದು ಹನಿಯ ಗುರುತು ಬಿಟ್ಟರೆ ಹೂವಿನ ಎಸಳಷ್ಟೂ ಮಂಜುಗಡ್ಡೆಯಿರಲಿಲ್ಲ.

ಆ ಕಾರು ನಿಜಕ್ಕೂ ಕನ್ನಡಿಯಂತಿತ್ತು. ಚಕ್ರದ ಸಂದು, ಬಾಗಿಲಿನ ರಬ್ಬರು, ಹಿಡಿಯ ಹಿಂಬದಿ, ಎಲ್ಲವನ್ನೂ ಯಾರೋ ಮಗುವಿನ ಕಿವಿ ಒರೆಸುವಂತೆ ಒರೆಸಿದ್ದರು. ಎತ್ತರದ ದೊಡ್ಡಮ್ಮ ಕತ್ತು ನೀಡಿ ಕಾರಿನ ನೆತ್ತಿಯನ್ನು ನೋಡಿದರು.

"ಮೇಷ್ಟ್ರೇ, ಬರ್ಕೊಳ್ಳಿ. ನೆತ್ತಿಯ ಮಧ್ಯದಲ್ಲಿ, ಮುಂದಿಂದ ಹಿಂದಿನವರೆಗೆ, ಗೇಣಗಲದ ಒಂದು ಪಟ್ಟಿ. ಅದರ ಮೇಲೆ ಧೂಳು ಹಾಗೇ ಇದೆ. ಧೂಳು ಮಾತ್ರ, ಉಪ್ಪಿಲ್ಲ."

"ಮರೆತಿರಬಹುದು."

"ಹಿಡಿಯ ಹಿಂದೆ ಒರೆಸೋರು ನೆತ್ತಿ ಮರೀತಾರಾ? ನೀವು ಸ್ನಾನ ಮಾಡುವಾಗ ತಲೆ ಮರೀತೀರಾ?"

ಮೇಷ್ಟ್ರು ತಮ್ಮ ಬೋಳುತಲೆಯನ್ನು ಸವರಿಕೊಂಡು, "ಮರೆತರೂ ನಷ್ಟವಿಲ್ಲ," ಎಂದರು.

ಔಷಧಿಯವನ ಕಾರು ಬೂದುಬಣ್ಣದ ಬಂಡೆಯಂತೆ ನಿಂತಿತ್ತು. ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು, ಕೆಸರು, ಹೊಗೆ ಎಲ್ಲ ಸೇರಿ ಮೈಗೆ ಮೆತ್ತಿದ್ದವು. ಮೇಷ್ಟ್ರು ಬಗ್ಗಿ ಮುಂಬದಿಯ ಎಡ ಮೂಲೆಯನ್ನು ಮುಟ್ಟಿ ನೋಡಿದರು. ಉಜ್ಜಿದ ಗುರುತಿರಲಿಲ್ಲ. ಎದ್ದು ನಿಂತವರು ಅರಿವಿಲ್ಲದೆ ಬಲಗೈಯನ್ನು ಕೋಟಿನ ಅಂಚಿಗೆ ಎರಡು ಬಾರಿ ಒರೆಸಿಕೊಂಡರು. ಆ ಕ್ಷಣ, ಏಕೆಂದು ತಿಳಿಯದೆ, ಅವರಿಗೆ ತಮ್ಮ ಹಳೆಯ ತರಗತಿ ನೆನಪಾಯಿತು. ಸಂಜೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲಿನ ಖಾಲಿ ಬೆಂಚುಗಳು. ದೊಡ್ಡಮ್ಮ ಅವರ ಕೈಯನ್ನೇ ನೋಡುತ್ತಿದ್ದರು.

ಹೊರಗೆ ಬಂದಾಗ ಮೇಲ್ಮನೆಯ ಬಾಲ್ಕನಿಯ ಹಗ್ಗದ ಮೇಲೆ ಏಳು ಬಟ್ಟೆಗಳು ಹೆಪ್ಪುಗಟ್ಟಿ ಹಲಗೆಯಂತೆ ನಿಂತಿದ್ದವು. ಪ್ರತಿಯೊಂದರಲ್ಲೂ ನಾಲ್ಕು ಮಡಿಕೆಯ ಗೆರೆ ಕಾಣುತ್ತಿತ್ತು. ಕಿಟಕಿಯ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿತು.

"ಮೇಲ್ಮನೆಗೆ ನಾನೊಬ್ಬಳೇ ಹೋಗಿ ಬರ್ತೀನಿ. ನಾಳೆ ಹತ್ತು ಗಂಟೆಗೆ ಎಲ್ಲರನ್ನೂ ಶೆಡ್ಡಿಗೆ ಬರೋಕೆ ಹೇಳಿ. ಇನ್ಸ್‌ಪೆಕ್ಟರ್‌ಗೂ ತಿಳಿಸಿ. ಔಷಧಿಯವನು ಅಲ್ಲಿವರೆಗೆ ತನ್ನ ಕಾರು ಮುಟ್ಟಬಾರದು ಅಂತಾನೂ ಹೇಳಿ," ಎಂದರು ದೊಡ್ಡಮ್ಮ.

ಮೇಷ್ಟ್ರು ಆ ಸಂಜೆಯನ್ನು ಒಬ್ಬರೇ ಕಳೆದರು. ಮೇಲಿನ ಮನೆಯಲ್ಲಿ ಯಾರೋ ಅತ್ತಿಂದಿತ್ತ ನಡೆಯುವ ಸದ್ದು, ಪಕ್ಕದ ಮನೆಯಲ್ಲಿ ಡ್ರೈವರನ ಕೆಮ್ಮು. ಒಂದೇ ಮಾಡಿನ ಕೆಳಗೆ ಇಷ್ಟು ಜನ ಒಂಟಿಯಾಗಿರುವರಲ್ಲ ಎಂಬುದು ಅವರಿಗೆ ಅಂದೇ ಹೊಳೆದದ್ದು.

ಭಾನುವಾರ ಹತ್ತಕ್ಕೆ ಎಲ್ಲರೂ ಸೇರಿದರು. ಡ್ರೈವರ್ ಅಕ್ಕನ ಹಿಂದೆ ತಲೆತಗ್ಗಿಸಿ ನಿಂತಿದ್ದ. ಔಷಧಿಯವನು ಕೈಗವಸು ತಿಕ್ಕುತ್ತ, "ಬೇಗ ಮುಗೀಲಿ, ಅಂಗಡಿ ತೆಗೀಬೇಕು," ಎಂದ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ಮೇಲ್ಮನೆಯ ಅಮ್ಮ ಎಲ್ಲರಿಗಿಂತ ಹಿಂದೆ, ಬಾಗಿಲ ಮರೆಯಲ್ಲಿ ನಿಂತಿದ್ದರು. ಅವರ ತಲೆ ಕಾರಿನ ಕಿಟಕಿಗಿಂತ ಒಂದು ಚೋಟು ಮಾತ್ರ ಮೇಲಿತ್ತು. ದೊಡ್ಡಮ್ಮನ ಮುಂದೆ ಒಂದು ಬಕೆಟ್ಟು ಉಗುರುಬೆಚ್ಚಗಿನ ನೀರು. ಅದರಲ್ಲಿ ನುಣುಪಾದ ಬಟ್ಟೆಗಳು ನೆನೆಯುತ್ತಿದ್ದವು.

"ಏನಪ್ಪ," ಎಂದು ಔಷಧಿಯವನತ್ತ ತಿರುಗಿದರು ದೊಡ್ಡಮ್ಮ, "ಇವನು ಪೈಪಿನಲ್ಲಿ ನೀರು ಬಿಟ್ಟಿದ್ದು ನಿಜಾನಾ?"

"ನಿಜ. ಕೆಂಪುನೀರು ಹರಿದು ಬಾಗಿಲಾಚೆ ಹೋಯ್ತು."

"ನಲ್ಲಿ ಸೋಮವಾರದಿಂದ ಹೆಪ್ಪುಗಟ್ಟಿದೆ. ಒಂದು ವೇಳೆ ನೀರು ಬಂದಿತ್ತು ಅನ್ನೋಣ. ಈ ಚಳೀಲಿ ಪೈಪಿನ ನೀರು ಬಿದ್ದಿದ್ರೆ ನೆಲ ಗಾಜಾಗಿರ್ತಿತ್ತು, ನಾವೆಲ್ಲ ಇಲ್ಲಿ ಜಾರಿ ಬಿದ್ದು ಹಲ್ಲು ಎಣಿಸ್ಕೋತಿದ್ವಿ. ನೆಲ ಒಣಗಿದೆ. ಅಂದ್ರೆ ನೀನು ನೋಡಿದ್ದು ನೀರಲ್ಲ. ತೊಳೆದ ಕಾರು ನೋಡಿ, ತೊಳೆಯೋದು ಅಂದ್ರೆ ನೀರು ಹೊಯ್ಯೋದು ಅಂತ ನೀನೇ ಕಟ್ಟಿದ ಕತೆ. ಮೇಲೆ ನೀರು ಹೊಯ್ಯದೇನೂ ಕಾರು ತೊಳೀಬಹುದು ಅಂತ ನಿನಗೆ ಗೊತ್ತಿರಲಿಲ್ಲ."

"ಅದು ಹೇಗೆ?" ಎಂದರು ಇನ್ಸ್‌ಪೆಕ್ಟರ್.

"ತೋರಿಸ್ತೀನಿ. ಈ ನೀರಲ್ಲಿ ಕಾರು ಒರೆಸೋ ಸೋಪಿನ ದ್ರಾವಣ ಒಂದು ಮುಚ್ಚಳ ಹಾಕಿದೀನಿ. ಇದು ಕೊಳೆಯನ್ನ ಹಿಡಿದು ಮೃದು ಮಾಡುತ್ತೆ, ಆಮೇಲೆ ಜಾಲಿಸಬೇಕಾಗಿಲ್ಲ. ಬಟ್ಟೆ ನಾಲ್ಕಾಗಿ ಮಡಚಿದ್ರೆ ಎಂಟು ಮುಖ ಸಿಗುತ್ತೆ. ಒಂದು ಕಡೆ ಒರೆಸೋಕೆ ಒಂದು ಮುಖ. ಕೊಳೆಯಾದ ಮುಖ ಮತ್ತೆ ಕಾರು ಮುಟ್ಟಬಾರದು, ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟು ಮುಟ್ಟಬಾರದು. ಆಸ್ಪತ್ರೇಲಿ ಗಾಯ ಒರೆಸೋದೂ ಹೀಗೇನೇ."

ದೊಡ್ಡಮ್ಮ ಔಷಧಿಯವನ ಕಾರಿನತ್ತ ನಡೆದರು.

"ಅದ್ಯಾಕೆ? ನನ್ನ ಕಾರು ಮೊದಲೇ ನೋಡಿದಾರೆ," ಎಂದ ಅವನು.

"ಪುಕ್ಕಟೆ ತೊಳೆದುಕೊಡ್ತೀನಿ, ಬೇಡ ಅನ್ನಬಾರದು."

ಬಾನೆಟ್ಟಿನ ಮೇಲೆ ಒಂದು ಎಳೆತ: ಬಟ್ಟೆಯ ಮುಖ ಕಾಡಿಗೆಯಂತೆ ಕಪ್ಪಾಯಿತು. ಬಲಬದಿ: ಕಪ್ಪು. ಬಾಗಿಲು: ಕಪ್ಪು. ಪ್ರತಿ ಬಾರಿಯೂ ಮುಖ ತಿರುಗಿಸಿ ಎಲ್ಲರಿಗೂ ತೋರಿಸಿದರು. ನಾಲ್ಕನೆಯ ಮುಖವನ್ನು ಮುಂಬದಿಯ ಎಡ ಮೂಲೆಗೆ ಒತ್ತಿ ಎಳೆದರು. ಬಟ್ಟೆ ಹಾಲಿನಂತೆ ಬೆಳ್ಳಗಾಯಿತು.

ದೊಡ್ಡಮ್ಮ ಆ ಬಿಳಿಯ ಮುಖವನ್ನೂ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ರಸ್ತೆಯ ಕೊಳೇಲಿ ಎಣ್ಣೆ ಇರುತ್ತೆ, ಹೊಗೆ ಇರುತ್ತೆ. ಇದರಲ್ಲಿ ಏನೂ ಇಲ್ಲ. ಉಪ್ಪಾಗಿದ್ರೆ ನೀರಲ್ಲಿ ಕರಗ್ತಿತ್ತು." ಅವರು ಬಟ್ಟೆಯನ್ನು ಒಂದು ಲೋಟ ನೀರಿನಲ್ಲಿ ಅದ್ದಿದರು, ಬಿಳಿಯ ಪುಡಿ ಕರಗದೆ ನಿಧಾನವಾಗಿ ತಳಕ್ಕಿಳಿಯಿತು. "ಮೇಷ್ಟ್ರೇ, ನಿನ್ನೆ ಇದನ್ನ ಮುಟ್ಟಿ ಕೈನ ಕೋಟಿಗೆ ಒರೆಸ್ಕೊಂಡ್ರಿ. ಕೊಳೆಗೆ ನೀವು ಯಾವತ್ತೂ ಕರ್ಚೀಫು ತೆಗೀತೀರಿ. ಕೋಟಿಗೆ ಒರೆಸೋದು ಯಾವುದನ್ನ?"

ಮೇಷ್ಟ್ರು ಬೆರಳಿಂದ ಬಟ್ಟೆಯನ್ನು ಮುಟ್ಟಿದರು. ಅವರ ಧ್ವನಿ ಸಣ್ಣದಾಯಿತು. "ಸೀಮೆಸುಣ್ಣ. ನಲವತ್ತು ವರ್ಷ ಕೈಗೆ ಅಂಟಿದ್ದು. ನನಗೆ ತಿಳೀಲಿಲ್ಲ, ನನ್ನ ಕೈಗೆ ತಿಳೀತು."

"ಎದೆಯುರಿಗೆ ಕೊಡೋ ಸುಣ್ಣದ ಪುಡಿ ಇವನ ಅಂಗಡೀಲಿ ಡಬ್ಬಗಟ್ಟಲೆ ಇದೆ. ಚಿಟಿಕೆ ಬೂದಿ ಸೇರಿಸಿ ಬಳಿದರೆ ಕಣ್ಣಿಗೆ ಒಣಗಿದ ಉಪ್ಪೇ. ಇನ್ಸ್‌ಪೆಕ್ಟರ್ರೇ, ಈಗ ಆ ಮೂಲೆ ನೋಡಿ."

ಒರೆಸಿದ ಜಾಗದಲ್ಲಿ ಅಂಗೈಯಗಲದ ನೆಗ್ಗು ಕಾಣುತ್ತಿತ್ತು. ಬಿರುಕಿನ ಬಾಯಲ್ಲಿ ಹಸಿರು ಉಣ್ಣೆಯ ಒಂದೆಳೆ. ಪತ್ರಿಕೆ ತಾತನ ಹಸಿರು ಮಫ್ಲರನ್ನು ಕಾಣದವರು ಆ ಬೀದಿಯಲ್ಲಿರಲಿಲ್ಲ.

ಔಷಧಿಯವನು ಗೋಡೆಗೆ ಒರಗಿದ. "ಹಿಮದಲ್ಲಿ ಕಾಣಲಿಲ್ಲ ದೊಡ್ಡಮ್ಮ. ಬೇಕೂಂತ ಮಾಡಿದ್ದಲ್ಲ. ನಿಲ್ಲಿಸಬೇಕು ಅಂದ್ಕೊಂಡೆ, ಕಾಲು ಕೇಳಲಿಲ್ಲ."

"ಅದನ್ನ ದೇವರು ಕ್ಷಮಿಸಬಹುದು. ಆದ್ರೆ ಆ ಮುಕ್ಕಾಲು ಗಂಟೆ? ನಿನ್ನ ಅಂಗಡಿ ತುಂಬ ಹತ್ತಿ ಇತ್ತು, ಬ್ಯಾಂಡೇಜು ಇತ್ತು. ಅವನು ಅಲ್ಲಿ ಬಿದ್ದಿದ್ದಾಗ ನೀನು ಇಲ್ಲಿ ಸುಣ್ಣ ಕಲಸ್ತಿದ್ದೆ. ಮೇಲಿಂದ ಒಬ್ಬ ಬಡಪಾಯಿ ಕೊರಳಿಗೆ ಗಂಟು ಹಾಕಿದೆ."

ಇನ್ಸ್‌ಪೆಕ್ಟರ್ ಔಷಧಿಯವನ ತೋಳು ಹಿಡಿದು, ಡ್ರೈವರನ ಕಾರಿನತ್ತ ತಿರುಗಿದರು. "ಎಲ್ಲ ಸರಿ. ಈ ಕಾರು ತೊಳೆದವರು ಯಾರು?"

"ನೆತ್ತಿಯ ಪಟ್ಟಿ ಅದನ್ನ ಹೇಳಿತು. ಅದರ ಧೂಳಲ್ಲಿ ಉಪ್ಪಿಲ್ಲ, ಅಂದ್ರೆ ಈ ಕಾರು ಹಿಮದ ರಸ್ತೆಗೆ ಇಳಿದೇ ಇಲ್ಲ. ಎರಡೂ ಕಡೆಯಿಂದ ಒರೆಸಿದಾರೆ, ಮಧ್ಯಕ್ಕೆ ಕೈ ಎಟುಕಿಲ್ಲ. ತೊಳೆದವರು ಗಿಡ್ಡ. ಈ ಡ್ರೈವರ್ ಬಾಗಿಲಲ್ಲಿ ತಲೆ ತಗ್ಗಿಸಿ ಬರೋ ಆಳು. ಉಳಿದದ್ದು..." ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಿದರು. "ಉಳಿದದ್ದು ಹೇಳೋದು ನನ್ನ ಕೆಲಸ ಅಲ್ಲ, ತಂಗಿ."

ಮೇಲ್ಮನೆಯ ಅಮ್ಮ ಬಾಗಿಲ ಮರೆಯಿಂದ ಈಚೆಗೆ ಬಂದರು.

"ಚಳಿಗಾಲದ ಗುರುವಾರ ನಮ್ಮ ಯಜಮಾನ್ರ ಅಂಗಡಿಗೆ ರಜೆ. ಇಬ್ಬರೂ ಹೀಗೇ ತೊಳೀತಿದ್ವಿ. ನಾನು ಆ ಕಡೆ, ಅವರು ಈ ಕಡೆ. ಮಧ್ಯದ್ದು ಅವರದು, ಉದ್ದ ಕೈ. ಕಾರು ಮಾರಿದ್ಮೇಲೆ ಗುರುವಾರ ಬಂದ್ರೆ ಕೈ ಸುಮ್ಮನಿರ್ತಿರಲಿಲ್ಲ. ಬೇರೆಯವರ ಕಾರು, ಕಳ್ಳಿ ಹಾಗೆ ಬರ್ತಿದ್ದೆ. ಅವತ್ತೂ ಐದಕ್ಕೆ ಬಂದವಳು ಇಲ್ಲೇ ಇದ್ದೆ. ಇವನ ಕಾರು ಎಲ್ಲೂ ಹೋಗಿರಲಿಲ್ಲ, ಪಕ್ಕದ ಜಾಗ ಖಾಲಿ ಇತ್ತು. ಆರಕ್ಕೆ ಸ್ವಲ್ಪ ಮುಂಚೆ ಕಾರಿನ ಸದ್ದು ಕೇಳಿ ಹೆದರಿ ಹಿಂದಿನ ಬಾಗಿಲಿಂದ ಹೋಗ್ಬಿಟ್ಟೆ." ಅವರು ಡ್ರೈವರನತ್ತ ನೋಡಲಾರದೆ ನಿಂತರು. "ಹೇಳ್ಬೇಕು ಅಂತ ಮೂರು ಸಲ ಮೆಟ್ಟಿಲು ಇಳಿದೆ ಕಣಪ್ಪ. ಯಾಕೆ ತೊಳೆದೆ ಅಂತ ಕೇಳಿದ್ರೆ ಏನು ಹೇಳಲಿ ಅಂತ ನಾಚಿಕೆಯಾಗಿ ಮೂರು ಸಲಾನೂ ಹತ್ತಿದೆ. ನಿನ್ನ ಕುತ್ತಿಗೆಗೆ ಬಂತು. ತಪ್ಪು ನಂದು."

ಡ್ರೈವರನ ಅಕ್ಕನ ಬಾಯಿಗೆ ಒಂದು ಬಿರುನುಡಿ ಬಂದು ನಿಂತಿತು. ಅವಳು ಆ ಅಮ್ಮನ ಚಳಿಗೆ ಒಡೆದ ಬೆರಳುಗಳನ್ನು ನೋಡಿದಳು; ಮಾತನ್ನು ನುಂಗಿಕೊಂಡಳು.

ಡ್ರೈವರ್ ಬಕೆಟ್ಟಿನಿಂದ ಹೊಸ ಬಟ್ಟೆಯೊಂದನ್ನು ತೆಗೆದು, ಹಿಂಡಿ, ನಾಲ್ಕಾಗಿ ಮಡಚಿದ. ಅವನ ಮಡಿಕೆ ಸೊಟ್ಟಗಿತ್ತು.

"ಕಾರು ಯಾವಾಗ ನೋಡಿದ್ರೂ ಯಾಕೆ ಕೊಳೆಯಾಗಲ್ಲ ಅಂತ ಅಂದ್ಕೊಳ್ತಿದ್ದೆ," ಎಂದ. "ಮನೆಗೆ ಬಂದ್ರೆ ಯಾರೋ ಇದ್ದು ಹೋದ ಹಾಗೆ ಅನ್ಸೋದು. ಅದಕ್ಕೇ ಯಾರನ್ನೂ ಕೇಳಲಿಲ್ಲ. ಕೇಳಿದ್ರೆ ನಿಂತುಹೋಗುತ್ತೇನೋ ಅಂತ." ಕೈ ನೀಡಿ, ಕಾರಿನ ನೆತ್ತಿಯ ಆ ಪಟ್ಟಿಯನ್ನು ಒಂದೇ ಎಳೆತಕ್ಕೆ ಒರೆಸಹೊರಟವನು ಅರ್ಧಕ್ಕೇ ತಡೆದು ಅಮ್ಮನ ಕಡೆ ತಿರುಗಿದ. "ಇದನ್ನ ಗುರುವಾರಕ್ಕೆ ಇಡ್ಲಾ?"

ಅಮ್ಮ ಸೆರಗನ್ನು ಕಣ್ಣಿಗೊತ್ತಿ ತಲೆಯಾಡಿಸಿದರು. "ಮಡಿಕೆ ಕಲಿಸ್ಕೊಡ್ತೀನಿ ಮೊದಲು. ಹೀಗೆ ಮಡಚಿದ್ರೆ ಎಂಟು ಮುಖ ಎಲ್ಲಿ ಸಿಗುತ್ತೆ?"

ಮಂಗಳವಾರ ಪತ್ರಿಕೆ ತಾತ ಕಣ್ಣು ತೆರೆದು, ಮೊದಲು ತನ್ನ ಮಫ್ಲರನ್ನು ಕೇಳಿದನಂತೆ. ಡ್ರೈವರನ ಅಕ್ಕ ಅದರ ಹರಿದ ಅಂಚನ್ನು ಹಸಿರು ನೂಲಿನಿಂದ ಕೂಡಿಸಿಕೊಟ್ಟಳು.

ಗುರುವಾರ ಸಂಜೆ ಮೇಷ್ಟ್ರು ಟಿಪ್ಪಣಿ ಪುಸ್ತಕವನ್ನು ಮುಚ್ಚಿಟ್ಟು ಕಿಟಕಿ ತೆರೆದರು. ಶೆಡ್ಡಿನ ಬೆಳಕಿನಲ್ಲಿ ಒಂದು ಉದ್ದ, ಒಂದು ಗಿಡ್ಡ ನೆರಳು ಕಾರಿನ ಎರಡು ಬದಿಯಲ್ಲಿ ಅಲುಗಾಡುತ್ತಿದ್ದವು. ಕೆಳಗಿನಿಂದ ದೊಡ್ಡಮ್ಮನ ಧ್ವನಿ ಕೇಳಿತು:

"ಮೇಷ್ಟ್ರೇ, ಬಟ್ಟೆ ಎಂಟಿವೆ, ಕೈ ಆರೇ ಇವೆ. ಸುಣ್ಣ ಮುಟ್ಟಿದ ಕೈಗೆ ಸೋಪು ಕಹಿಯಾಯ್ತಾ?"

ಮೇಷ್ಟ್ರು ಕೋಟು ತೊಟ್ಟು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದರು.

ಈ ಕತೆಯನ್ನು ಕೇಳಿದವರ ಮೇಲೆ ಸುಳ್ಳಿನ ಸುಣ್ಣ ಮೆತ್ತದಿರಲಿ. ಮಾಡದ ತಪ್ಪು ಯಾರ ಕೊರಳಿಗೂ ಬೀಳದಿರಲಿ. ಕೈ ಎಟುಕದ ನಡುವಿನ ಜಾಗಕ್ಕೆ ಇನ್ನೊಂದು ಕೈಯನ್ನು ಆ ಕರುಣಾಳು ಎಲ್ಲರ ಮನೆಗೂ ಕಳುಹಿಸಲಿ. ಸರ್ವರಿಗೂ ಮಂಗಳವಾಗಲಿ.