ಕವಲಿನ ಹರಕೆ ಕಲ್ಲು

ಸಾವನದುರ್ಗದ ಬೆಟ್ಟದಲ್ಲಿ ಒಬ್ಬ ಗಂಡಸು ತಿರುವಿಗೊಂದರಂತೆ ಹರಕೆ ಕಲ್ಲು ಕಟ್ಟುತ್ತಾ ಹೋಗುವುದನ್ನು ಪುಟ್ಟಲಕ್ಷ್ಮಿ ಅದೇ ಮೊದಲು ಕಂಡಿದ್ದು. ಕುರಿಗಳನ್ನು ಬಂಡೆಯ ನೆರಳಿಗೆ ಬಿಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

“ಬಾಳ ಜನ ಅವ್ರೆ ಅಂತ ಕಾಣ್ತದೆ,” ಅಂದಳು. “ಒಬ್ಳು ಒಪ್ನಿಲ್ಲ ಅಂದ್ರೆ ಇನ್ನೊಬ್ಳಾ?”

ಅವನು ಬೆಚ್ಚಿ ತಿರುಗಿದ. ಕೈಯಲ್ಲಿದ್ದ ಕಲ್ಲು ಅವನ ಕಾಲಿನ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

ಅವಳು ಹಾಗೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ಇಡುವುದೆಂದರೆ ಹುಡುಗಾಟವಲ್ಲ. ಮನಸ್ಸಿನಲ್ಲಿರುವವರ ಜೊತೆ ಮದುವೆಯಾಗಲಿ ಎಂದು ಬೇಡಿಕೊಂಡು, ಮೂರು ಕಲ್ಲು ಪೇರಿಸಿ, ಹಿಂದಿರುಗಿ ನೋಡದೆ ಇಳಿದು ಬರಬೇಕು. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದು ಕೈಯಾರೆ ಅದನ್ನು ಇಳಿಸಬೇಕು. ಅಷ್ಟರೊಳಗೆ ಬೇರೆಯವರು ಕೆಡವಿದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ಹೀಗಿರುವಾಗ ಒಬ್ಬನೇ ಆಸಾಮಿ ಬೆಟ್ಟದುದ್ದಕ್ಕೂ ಕಲ್ಲು ಪೇರಿಸುತ್ತಾ ಹೋದರೆ ನೋಡಿದವರು ಏನೆಂದುಕೊಳ್ಳಬೇಕು?

“ಹರಕೆ ಅಲ್ಲ ಕಣಮ್ಮಿ, ದಾರಿ ಗುರ್ತು,” ಅಂದ ಅವನು. ಬೆಂಗಳೂರು ದಂಡಿನಿಂದ ಒಬ್ಬ ದೊರೆಯೂ ದೊರೆಸಾನಿಯೂ ಬೆಟ್ಟ ನೋಡಲು ಬರುತ್ತಾರಂತೆ. ಜೊತೆಗೆ ಆಳುಕಾಳು ಯಾರೂ ಬೇಡ, ತಾವಿಬ್ಬರೇ ಹತ್ತಬೇಕು ಎನ್ನುವುದು ಅವರ ಆಸೆಯಂತೆ. ಸುಣ್ಣ ಬಳಿದರೆ ಮಳೆಗೆ ತೊಳೆದುಹೋಗುತ್ತದೆಂದು ಕಲ್ಲಿನ ಗುರುತು ಹಾಕುವ ಕೆಲಸ ತಿಪ್ಪಸಂದ್ರದ ಮಂಚಯ್ಯನಿಗೆ, ಅಂದರೆ ಇವನಿಗೆ, ಬಂದಿತ್ತು. ತಿಪ್ಪಸಂದ್ರ ಪುಟ್ಟಲಕ್ಷ್ಮಿಯ ತಾಯಿಯ ತವರು. ಯಾರ ಮನೆ, ಯಾರ ಮಗ ಎಂದು ಕೆದಕುತ್ತಾ ಹೋದರೆ ಅವನು ದೂರದ ವರಸೆಯಲ್ಲಿ ಬಾವನೇ ಆಗಬೇಕು. ಅಂದಿನಿಂದ ಅವಳು ಅವನನ್ನು ಬಾವ ಎಂದೇ ಕರೆದಳು. ಆ ಎರಡಕ್ಷರವನ್ನು ಎಷ್ಟು ನಿಧಾನವಾಗಿ ಹೇಳುತ್ತಿದ್ದಳೆಂದರೆ, ಪ್ರತಿ ಸಲವೂ ಅವನ ಕಿವಿ ಕೆಂಪಾಗುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳ ಕುರಿಗಳು ದಿನವೂ ಅದೇ ಮಗ್ಗುಲಲ್ಲಿ ಮೇದವು. ಕುರಿಗಳಿಗೆ ಬಾಯಿ ಬಂದಿದ್ದರೆ, ಬೇರೆ ಕಡೆ ಹುಲ್ಲೇ ಇಲ್ಲವೇ ತಾಯಿ ಎಂದು ಕೇಳುತ್ತಿದ್ದವು.

ಅವನ ಬುತ್ತಿಯಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವಳ ಹತ್ತಿರ ಮಜ್ಜಿಗೆ. ಎಲ್ಲಿ ಬಂಡೆಯ ಸಂದಿಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತದೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಎಲ್ಲಿ ನಿಂತರೆ ಅರ್ಕಾವತಿ ಒಣಹಾಕಿದ ಸೀರೆಯ ಹಾಗೆ ಕಾಣುತ್ತದೆ ಎಂದು ಅವಳು ತೋರಿಸಿಕೊಟ್ಟಳು. ಮೋಡವಿಲ್ಲದ ದಿನ ಕ್ಲೋಸ್‌ಪೇಟೆಯ ರಾಮದೇವರ ಬೆಟ್ಟವನ್ನು ಬೆರಳಿಟ್ಟು ತೋರಿಸಿದಳು. ಅವನು ನೋಡಿದ್ದು ಬೆರಳನ್ನು. ಅವಳು ತಿರುಗಿದ ಕೂಡಲೇ ಪಕ್ಕದಲ್ಲಿದ್ದ ಕಲ್ಲೊಂದನ್ನು ಎತ್ತಿಕೊಂಡು, ಗುರುತಿಗೆ ಆದೀತೋ ಇಲ್ಲವೋ ಎಂದು ಅದನ್ನು ತಿರುವಿ ಮುರುವಿ ನೋಡತೊಡಗಿದ. ಆ ಕಲ್ಲನ್ನು ಅವನು ಆಗಲೇ ಬೇಡವೆಂದು ಎಸೆದಿದ್ದು ಅವಳಿಗೆ ಗೊತ್ತಿತ್ತು.

ಇಷ್ಟಾದರೂ ಇಬ್ಬರೂ ಬಾಯಿ ಬಿಟ್ಟು ಏನನ್ನೂ ಹೇಳಿರಲಿಲ್ಲ. ದೊರೆಗಳು ಸುಖವಾಗಿ ಹತ್ತಿ ಇಳಿದರೆ ಬೆಟ್ಟದ ಗಾರ್ಡ್ ಕೆಲಸವನ್ನು ಮಂಚಯ್ಯನಿಗೇ ಕೊಡಿಸುವುದಾಗಿ ಈ ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿ ದೊಡ್ಡಮುನಿಯಪ್ಪ ಮಾತು ಕೊಟ್ಟಿದ್ದ. ನೆಲೆಯಿಲ್ಲದವನಿಗೆ ಅವಳಪ್ಪ ಗಂಗಯ್ಯ ಹೆಣ್ಣು ಕೊಡುವವನಲ್ಲ. ಆ ಕೆಲಸ ಸಿಗುವವರೆಗೆ ಕಾಯೋಣವೆಂದು ಪುಟ್ಟಲಕ್ಷ್ಮಿ ತನ್ನೊಳಗೇ ಅಂದುಕೊಂಡಿದ್ದಳು. ಆದರೆ ಕಾಯುವಷ್ಟು ಪುರುಸೊತ್ತು ಅಪ್ಪನಿಗಿರಲಿಲ್ಲ. ಬರುವ ವಾರ ಕಾನಕಾನಹಳ್ಳಿ ಕಡೆಯವರು ಹೆಣ್ಣು ನೋಡಲು ಬರುತ್ತಾರೆಂದು ಒಂದು ಬೆಳಗ್ಗೆ ಹೇಳಿಯೇಬಿಟ್ಟ.

ಅವಳು ಅದನ್ನು ಮಂಚಯ್ಯನಿಗೆ ಹೇಳಿ ಅವನ ಮುಖವನ್ನೇ ನೋಡಿದಳು. ಅವನು ಬೇರೆ ಕಡೆ ತಿರುಗಿಕೊಂಡ.

“ಒಳ್ಳೇದಾಯ್ತು ಬುಡು,” ಅಂದ.

ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಅಳು ಬಂತು, ಸಿಟ್ಟೂ ಬಂತು. ಸಂಜೆ ಇಳಿಯುವಾಗ ಬಸರಿ ಮರದ ಹತ್ತಿರ ದಾರಿ ಕವಲೊಡೆಯುವ ಕಡೆ ನಿಂತಳು. ಅಲ್ಲಿಂದ ಬಲಕ್ಕೆ ಹೋದರೆ ತುದಿಯ ಬಸವನ ಮಂಟಪ, ಎಡಕ್ಕೆ ಕುರಿ ಜಾಡು. ಇಷ್ಟು ಸಿಟ್ಟು ಬಂದಮೇಲೂ ಅವನೇ ಬೇಕೆನ್ನುವ ಮನಸ್ಸಿಗೆ ಏನು ಹೇಳುವುದು? ಎಡಗಡೆಯ ಬಂಡೆಯ ಮೇಲೆ ಮೂರು ಕಲ್ಲು ಪೇರಿಸಿ, ಕಣ್ಣು ಮುಚ್ಚಿ ಬೇಡಿಕೊಂಡು, ಹಿಂದಿರುಗಿ ನೋಡದೆ ಇಳಿದಳು.

ದೊರೆ ದೊರೆಸಾನಿ ಬಂದ ದಿನ ಮೇಸ್ತ್ರಿಯೂ ಮಂಚಯ್ಯನೂ ಕತ್ತಲು ಹರಿಯುವ ಮೊದಲೇ ತುದಿಗೆ ಹತ್ತಿ, ಮಂಟಪದಲ್ಲಿ ಊಟ ಅಣಿಮಾಡಿಕೊಂಡು ಕಾದರು. ಹೊತ್ತು ನೆತ್ತಿಗೇರಿತು, ನೆತ್ತಿಯಿಂದ ಜಾರಿತು. ಬೂಟಿನ ಸದ್ದೇ ಇಲ್ಲ. ಕೂಗುತ್ತಾ ಇಳಿದು ಬಂದ ಮೇಸ್ತ್ರಿಯ ದನಿಗೆ ತಪ್ಪಲಿನ ಜನರೆಲ್ಲ ಹತ್ತಿ ಬಂದರು. ಗಂಗಯ್ಯನೂ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. ಪುಟ್ಟಲಕ್ಷ್ಮಿ ಕುರಿಗಳನ್ನು ಹೊಡೆದುಕೊಂಡು ಬಸರಿ ಮರ ತಲುಪುವಾಗ ಎಲ್ಲರೂ ಅಲ್ಲಿ ಸುತ್ತುಗಟ್ಟಿ ನಿಂತಿದ್ದರು. ಕುರಿ ಜಾಡಿನ ಮಣ್ಣಿನಲ್ಲಿ ಬೂಟಿನ ಗುರುತು ಮೂಡಿತ್ತು. ಮೇಸ್ತ್ರಿ ತನ್ನ ಕೋಲಿನಿಂದ ಬಂಡೆಯ ಮೇಲಿನ ಮೂರು ಕಲ್ಲನ್ನು ತೋರಿಸುತ್ತಿದ್ದ.

ಏನಾಯಿತೆಂದು ಅವಳಿಗೆ ತಕ್ಷಣ ಹೊಳೆಯಿತು. ತನ್ನ ಹರಕೆಯನ್ನು ದಾರಿ ಗುರುತೆಂದುಕೊಂಡು ಪರಸ್ಥಳದವರು ಎಡಕ್ಕೆ ತಿರುಗಿದ್ದರು. ಆ ಜಾಡು ಬಂಡೆಯ ಗುಂಡಿಯಲ್ಲಿ ನೀರು ನಿಂತ ದೊಣೆಯ ಹತ್ತಿರ ಮುಗಿಯುತ್ತದೆ. ದೊಣೆ ದಾಟಿದರೆ ಪಾಚಿಗಟ್ಟಿದ ಇಳಿಜಾರು, ಅದರ ಕೆಳಗೆ ಏನೂ ಇಲ್ಲ. ಹೋದ ವರ್ಷ ಅವಳದೇ ಒಂದು ಕುರಿ ಅಲ್ಲಿ ಜಾರಿತ್ತು.

ಈ ಕಲ್ಲು ಇಲ್ಲಿ ಹೇಗೆ ಬಂತೆಂದು ಮೇಸ್ತ್ರಿ ಗದರಿಸಿ ಕೇಳಿದ. ಮಂಚಯ್ಯ ತಲೆ ತಗ್ಗಿಸಿದ.

“ನಂದೇ ತಪ್ಪು ಮೇಸ್ತ್ರಿ. ನಾನೇ ಜೋಡ್ಸಿದ್ದು. ಒತ್ತಾಗಿತ್ತು, ದಾರಿ ತಿಳೀನಿಲ್ಲ.”

ಪುಟ್ಟಲಕ್ಷ್ಮಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಇಡದ ಕಲ್ಲನ್ನು ಇಟ್ಟೆ ಎನ್ನುತ್ತಿದ್ದಾನೆ. ಗಾರ್ಡ್ ಕೆಲಸ ಹೋಯಿತು, ಮೇಲಿನವರು ಇನ್ನೇನು ಮಾಡುತ್ತಾರೋ ಏನೋ. ತಾನು ಬಾಯಿ ಬಿಟ್ಟರೆ ಕತ್ತಲಾಗುವುದರೊಳಗೆ ಯಾರ ಹೆಸರಿನ ಹರಕೆಯೆಂದು ಊರೆಲ್ಲ ಕೇಳುತ್ತದೆ, ಅಪ್ಪ ತಲೆ ಎತ್ತಿ ತಿರುಗುವ ಹಾಗಿಲ್ಲ. ಬಾಯಿ ಬಿಡದಿದ್ದರೆ ಇವನು ಇಲ್ಲ.

“ಅವ್ರು ಜೋಡ್ಸಿಲ್ಲ,” ಅಂದಳು. “ಅದು ನನ್ ಹರಕೆ ಕಲ್ಲು. ದೊಣೆತಾವ ಓಗವ್ರೆ, ಬನ್ನಿ.”

ಯಾರ ಮುಖವನ್ನೂ ನೋಡದೆ ಜಾಡು ಹಿಡಿದು ಓಡಿದಳು. ಹಿಂದೆ ಮಂಚಯ್ಯನ ಹೆಜ್ಜೆ, ಅದರ ಹಿಂದೆ ಮೇಸ್ತ್ರಿಯ ಏದುಸಿರು. ದಾರಿಯುದ್ದಕ್ಕೂ ಬೆಟ್ಟದ ವೀರಭದ್ರನನ್ನೂ ನರಸಿಂಹನನ್ನೂ ಒಟ್ಟೊಟ್ಟಿಗೆ ಬೇಡಿಕೊಂಡಳು. ಕೊನೆಯ ಬಂಡೆ ಹತ್ತಿ ಆ ಕಡೆ ಇಣುಕಿದವಳು ಅಲ್ಲೇ ಕುಸಿದು ಕೂತಳು.

ದೊರೆ ಬೂಟು ಕಳಚಿಟ್ಟು ದೊಣೆಯ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ತೂಕಡಿಸುತ್ತಿದ್ದ. ದೊರೆಸಾನಿ ಮಂಡಿಯ ಮೇಲೆ ಹಲಗೆ ಇಟ್ಟುಕೊಂಡು, ಪೆನ್ಸಿಲ್ಲಿನಿಂದ ಬಿಳಿ ನೈದಿಲೆಯ ಚಿತ್ರ ಬರೆಯುತ್ತಿದ್ದಳು. ಇಷ್ಟು ಜನ ಒಟ್ಟಿಗೆ ಬಂದದ್ದು ನೋಡಿ ಅವಳಿಗೇ ಗಾಬರಿಯಾಯಿತು.

ಪುಟ್ಟಲಕ್ಷ್ಮಿ ಅತ್ತುಬಿಟ್ಟಳು. ಎದೆಯ ಮೇಲಿದ್ದ ಬಂಡೆ ಉರುಳಿಹೋದ ಮೇಲೆ ಬರುವ ಅಳು ಅದು, ಸ್ವಲ್ಪ ನಗುವೂ ಬೆರೆತಿತ್ತು. ಮೇಸ್ತ್ರಿ ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ನಡೆದುದನ್ನೆಲ್ಲ ಹೇಳಿದ. ದೊರೆಸಾನಿ ಹರಕೆಯ ಮಾತನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. ಬೆಟ್ಟಕ್ಕೆ ಬಂದು ಇಂಥ ಜಾಗ ನೋಡದೆ ಹೋಗುವುದರಲ್ಲಿದ್ದೆವು, ಇಲ್ಲಿಗೂ ಒಂದು ದಾರಿ ಮಾಡಿಸಿ, ಆ ಹುಡುಗಿಯ ಕಲ್ಲನ್ನು ಮಾತ್ರ ಯಾರೂ ಮುಟ್ಟಬೇಡಿ ಎಂದಳಂತೆ. ಮೇಸ್ತ್ರಿಯ ಮುಖಕ್ಕೆ ಆಗ ಕಳೆ ಬಂತು. ಹೊಸ ದಾರಿಯ ಕೆಲಸ ನಾಳೆಯಿಂದಲೇ, ಗಾರ್ಡ್ ಕೆಲಸದ ಮಾತೂ ಹಾಗೇ ಇದೆ ಎಂದು ಮಂಚಯ್ಯನ ಬೆನ್ನು ತಟ್ಟಿ, ದೊರೆಗಳನ್ನು ಮಂಟಪದ ಕಡೆ ಕರೆದುಕೊಂಡು ಹೋದ.

ಗಂಗಯ್ಯ ಮಗಳ ಹತ್ತಿರ ಬಂದು ಕಂಬಳಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಅವಳು ಕಣ್ಣೆತ್ತಲಿಲ್ಲ.

“ಕಾನಕಾನಹಳ್ಳಿಯೋರ್ಗೆ ಬರ್ಬ್ಯಾಡಿ ಅಂತ ಯೋಳಿ ಕಳಿಸ್ತೀನಿ,” ಅಂದ. “ಆ ಕಲ್ಲು ಯಾರ್ ಹೆಸ್ರಿಂದು ಅಂತ ನಾನು ಕೇಳಾಕಿಲ್ಲ. ಅವ್ನೇ ಬಂದು ಯೋಳ್ಲಿ.”

ಕುರಿಗಳನ್ನು ಹೊಡೆದುಕೊಂಡು ಅಪ್ಪ ಇಳಿದುಹೋದ. ಅವಳು ಹಿಂದಕ್ಕೆ ಬಂದಾಗ ಬಸರಿ ಮರದ ಹತ್ತಿರ ಮಂಚಯ್ಯ ಆ ಕಲ್ಲಿಗೆ ಬೆನ್ನು ಮಾಡಿ ನಿಂತಿದ್ದ, ಯಾರಾದರೂ ಎತ್ತಿಕೊಂಡು ಹೋದಾರೆಂದು ಕಾವಲಿದ್ದವನ ಹಾಗೆ.

ಯಾಕೆ ಸುಳ್ಳು ಹೇಳಿದೆ ಎಂದು ಅವಳು ಕೇಳಿದಳು. ಅವನು ಕಾಲ್ಬೆರಳಿನಿಂದ ನೆಲ ಗೀರಿದ. ಅವಳು ಕಲ್ಲು ಇಟ್ಟ ಸಂಜೆ ಮೇಲಿನ ಬಂಡೆಯಿಂದ ಅವನು ನೋಡುತ್ತಲೇ ಇದ್ದ. ಹಿಂದಿರುಗಿ ನೋಡುವ ಹಾಗಿಲ್ಲವಲ್ಲ, ಅವಳಿಗೆ ಅವನು ಕಂಡಿರಲಿಲ್ಲ. ಗುರುತಲ್ಲದ ಕಲ್ಲು ದಾರಿಯಲ್ಲಿ ಒಂದೂ ಇರಕೂಡದೆಂದು ಮೇಸ್ತ್ರಿ ಹೇಳಿದ್ದ. ಮಂಚಯ್ಯ ಮಾರನೆಯ ದಿನ ಬಂದು, ಅದರ ಮುಂದೆ ಕೂತು, ಎದ್ದು ಹೋಗಿದ್ದ.

“ಕೆಡವಕ್ಕೆ ಕೈ ಬರ್ನಿಲ್ಲ,” ಅಂದ. “ಕಾನಕಾನಹಳ್ಳಿಯೋನು ಸಿಗ್ಲಿ ಅಂತ ಕೇಳ್ಕೊಂಡಿದ್ದೀಯ ಅಂದ್ಕಂಡೆ. ನಿನ್ ಮದ್ವೆ ನನ್ ಕೈಯಿಂದ ಮುರೀಬಾರ್ದು ಅಂತ ಬುಟ್ಬುಟ್ಟೆ.”

ತನ್ನ ಕೆಲಸವನ್ನೇ ಪಣವಿಟ್ಟು, ಇನ್ನೊಬ್ಬನ ಹೆಸರಿನದೆಂದು ತಿಳಿದೂ, ಕಲ್ಲನ್ನು ಉಳಿಸಿದವನು. ಇಂಥ ಪೆದ್ದನನ್ನು ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಎಂದು ಪುಟ್ಟಲಕ್ಷ್ಮಿಗೆ ಅನ್ನಿಸಿತು.

“ಆಗಾದ್ರೆ ಯಾರ್ ಹೆಸ್ರಲ್ಲಿ ಇಟ್ಟಿದ್ದು?” ಅವನು ಮೆಲ್ಲಗೆ ಕೇಳಿದ. ಕಿವಿ ಆಗಲೇ ಕೆಂಪಾಗಿತ್ತು.

“ಕೆಡವ್ದೆ ಬುಟ್ನಲ್ಲ, ಅವ್ನ ಹೆಸ್ರಲ್ಲಿ.”

ಮಂಚಯ್ಯ ಒಂದು ಗಳಿಗೆ ಅವಳನ್ನೇ ನೋಡಿದ. ಈ ಸಲ ಕಣ್ಣು ಮರೆಮಾಡಲು ಯಾವ ಕಲ್ಲನ್ನೂ ಎತ್ತಿಕೊಳ್ಳಲಿಲ್ಲ. ಆಮೇಲೆ ನಗುತ್ತಾ ಬಂಡೆಯ ಕಡೆ ತಿರುಗಿ ಕಲ್ಲು ಇಳಿಸಲು ಕೈ ಚಾಚಿದ. ಅವಳು ಥಟ್ಟನೆ ಆ ಕೈ ಹಿಡಿದು ತಡೆದಳು.

“ಈಗ್ಲೇ ಮುಟ್ಬ್ಯಾಡ ಬಾವ. ಮೊದ್ಲು ನಮ್ಮಪ್ಪನ್ ತಾವ ಓಗಿ ಕೇಳು.”

ಹಿಡಿದ ಕೈಯನ್ನು ಬಿಡುವುದು ಇಬ್ಬರಿಗೂ ಸ್ವಲ್ಪ ಹೊತ್ತು ನೆನಪಾಗಲಿಲ್ಲ. ಬಿಟ್ಟ ಮೇಲೆ ಅವನು ಈಗಲೇ ಹೋಗುತ್ತೇನೆಂದು ಹೊರಟ. ಅವಳು ಮರಕ್ಕೆ ಒರಗಿ ನೋಡಿದಳು. ಬೆಟ್ಟಕ್ಕೆಲ್ಲ ದಾರಿ ಗುರುತು ಹಾಕಿದವನು ಊರಿಗೆ ಇಳಿಯುವ ದಾರಿ ಬಿಟ್ಟು ಮತ್ತೆ ಕುರಿ ಜಾಡನ್ನೇ ಹಿಡಿದಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಅವನನ್ನು ಕೂಗಿ ಕರೆದು, ತಾನೂ ಜೊತೆಗೆ ಇಳಿದಳು.